ಒತ್ತಾಗಿ ನಿಲ್ಲಿಸಿದರೂ ನನ್ನ ಪಡೆ ಯಾಕೆ ಚೂರಾಗುತ್ತದೆ?

ಪ್ರಶ್ನೆ: ನಾನೂ ನನ್ನ ಮಗನೂ ಒಂದೂವರೆ ವರ್ಷದಿಂದ ಬ್ಯಾಟಲ್‌ಲೋರ್ ಆಡುತ್ತಿದ್ದೇವೆ. ಆರು ಮೂಲೆಯ ಮನೆಗಳ ಹಲಗೆಯ ಮೇಲೆ ಗೊಂಬೆಗಳ ತುಕಡಿ ನಡೆಸಿ, ದಾಳ ಹಾಕಿ ಆಡುವ ಯುದ್ಧದಾಟ ಅದು. ನಮ್ಮದು ಹಳೆಯ, ಮೊದಲ ಆವೃತ್ತಿಯ ಪೆಟ್ಟಿಗೆ. ಎರಡು ಮಿತ್ರ ತುಕಡಿಗಳು ಪಕ್ಕದಲ್ಲಿದ್ದರೆ ನಮ್ಮ ತುಕಡಿ ‘ಬೋಲ್ಡ್’ (ಧೈರ್ಯವಂತ) ಆಗುತ್ತದೆ ಎಂದು ನಿಯಮದಲ್ಲಿ ಓದಿದ ಮೇಲೆ ಎಲ್ಲರನ್ನೂ ಒತ್ತಾಗಿ ನಿಲ್ಲಿಸಿಯೇ ಆಡುತ್ತೇನೆ. ಕಳೆದ ಭಾನುವಾರ ಏಳು ತುಕಡಿಗಳನ್ನು ಮಧ್ಯದಲ್ಲಿ ಗುಂಪಾಗಿ ಇಟ್ಟೆ: ಒಂದರ ಸುತ್ತ ಆರು. ಮುಂದಿದ್ದ ಕೆಂಪು ಪತಾಕೆಯ ಕಾಲಾಳುಗಳ ಮೇಲೆ ಮಗ ನಾಲ್ಕು ದಾಳ ಹಾಕಿದ. ಎರಡು ಏಟು, ಎರಡು ಬಾವುಟ. ನಾಲ್ಕು ಗೊಂಬೆಗಳಲ್ಲಿ ಮೂರು ಹೋದವು! ಆಟ 6–2ಕ್ಕೆ ಸೋತೆ. ‘ಅಪ್ಪಾ, ಸಪೋರ್ಟ್ ಅಂತ ಕೂರಬೇಡ, ನುಗ್ಗಬೇಕು’ ಎನ್ನುತ್ತಾನೆ ಅವನು. ನಿಯಮ ನನಗೆ ತಪ್ಪಾಗಿ ಅರ್ಥವಾಗಿದೆಯೇ, ಅಥವಾ ಈ ಬೆಂಬಲದ ಕಥೆಯೇ ಬರಿ ಕಾಗದದ ಮೇಲಿನದೇ?

ಉತ್ತರ: ನಿಯಮ ನಿಮಗೆ ಸರಿಯಾಗಿಯೇ ಅರ್ಥವಾಗಿದೆ, ಮಗನೂ ದಾಳದ ಲೆಕ್ಕ ಸರಿಯಾಗಿಯೇ ಮಾಡಿದ್ದಾನೆ. ತಪ್ಪಿರುವುದು ನಿಂತ ಆಕಾರದಲ್ಲಿ. ವಾರಾಂತ್ಯದ ಆಟದ ಮೇಜುಗಳಲ್ಲಿ ಈ ಆಟ ಕಲಿಸುತ್ತ ಕೂತವನು ನಾನು. ಹೊಸಬರು ಬೆಂಬಲದ ನಿಯಮ ಮರೆತು ಸೋಲುವುದನ್ನು ಎಷ್ಟು ನೋಡಿದ್ದೇನೋ, ಅದನ್ನು ಅತಿಯಾಗಿ ನಂಬಿ ಸೋಲುವುದನ್ನೂ ಅಷ್ಟೇ ನೋಡಿದ್ದೇನೆ. ನಿಮ್ಮದು ಎರಡನೆಯ ಕಾಯಿಲೆ, ವಾಸಿಮಾಡುವುದು ಸುಲಭ.

ಮೊದಲು ಆ ಭಾನುವಾರದ ಏಟನ್ನೇ ಬಿಡಿಸಿ ನೋಡೋಣ. ಎರಡು ಏಟಿಗೆ ಎರಡು ಗೊಂಬೆ ಹೋಯಿತು, ಅದರಲ್ಲಿ ಮಾತಿಲ್ಲ. ಎರಡು ಬಾವುಟಗಳಲ್ಲಿ ಒಂದನ್ನು ಬೋಲ್ಡ್ ಆಗಿದ್ದ ಕಾರಣ ನೀವು ತಳ್ಳಿಹಾಕಿದಿರಿ. ಇನ್ನೊಂದಕ್ಕೆ ಹಿಂದೆ ಸರಿಯಲೇಬೇಕು. ಆದರೆ ಹಿಂದಿನ ಎರಡೂ ಮನೆಗಳಲ್ಲಿ ನಿಮ್ಮವರೇ ನಿಂತಿದ್ದರು. ಸರಿಯಲು ಜಾಗವಿಲ್ಲದ ತುಕಡಿ ಸರಿಯಲಾಗದ ಪ್ರತಿ ಮನೆಗೂ ಒಂದು ಗೊಂಬೆ ಕಳೆದುಕೊಳ್ಳುತ್ತದೆ. ಮೂರನೆಯ ಗೊಂಬೆ ಹೋದದ್ದು ಹಾಗೆ. ಅದನ್ನು ಕೊಂದದ್ದು ಮಗನ ದಾಳ ಅಲ್ಲ, ನಿಮ್ಮದೇ ಎರಡನೆಯ ಸಾಲು.

ನಮ್ಮಲ್ಲಿ ಹುಲಿ–ಕುರಿ ಆಟ ಆಡಿ ಬೆಳೆದವರಿಗೆ ಇದು ಒಗ್ಗುವುದು ಸ್ವಲ್ಪ ತಡ. ಅಲ್ಲಿ ಕುರಿಯ ಬೆನ್ನ ಹಿಂದಿನ ಬಿಂದು ಖಾಲಿ ಇದ್ದರೆ ಹುಲಿ ಹಾರಿ ತಿನ್ನುತ್ತದೆ, ಇನ್ನೊಂದು ಕುರಿ ಕೂತಿದ್ದರೆ ಹಾರಲಾರದು. ಹಾಗಾಗಿ ಬೆನ್ನು ತುಂಬಿಸುವುದೇ ಕುರಿಯವನ ಕಸುಬು. ಕಲ್ಲುಹಾಸಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ ಆಡಿದ ಕೈ ಇಲ್ಲಿಗೆ ಬಂದರೂ ಅದನ್ನೇ ಮಾಡುತ್ತದೆ. ಬ್ಯಾಟಲ್‌ಲೋರಿನಲ್ಲಿ ಬೆನ್ನು ತುಂಬಿದರೆ ಆಗುವುದು ತಿರುಗುಮುರುಗು. ಬೆಂಬಲ ಪಕ್ಕದಿಂದಲೂ ಸಿಗುತ್ತದೆ, ಹಿಂದಿನಿಂದಲೂ ಸಿಗುತ್ತದೆ, ಆದರೆ ಓಡುವ ದಾರಿ ಇರುವುದು ಹಿಂದೆ ಮಾತ್ರ. ಅದನ್ನು ನಾವೇ ಮುಚ್ಚಿಕೊಂಡರೆ ಅತ್ತ ದರಿ ಇತ್ತ ಪುಲಿ.

ಈಗ ಬೋಲ್ಡ್ ಎಂಬುದು ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬುದಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ‘ಒತ್ತಾಗಿ ನಿಲ್ಲಿಸಿದರೂ ಚೂರಾಗುತ್ತದೆ’ ಎಂಬ ಅಚ್ಚರಿ ಇದೆಯಲ್ಲ, ಗೊಂದಲದ ಬೇರು ಅಲ್ಲಿದೆ. ಬೋಲ್ಡ್ ಆದ ತುಕಡಿ ಏಟು ಕಡಿಮೆ ತಿನ್ನುವುದಿಲ್ಲ. ಅದಕ್ಕೆ ಸಿಗುವುದು ಎರಡೇ ಹಕ್ಕು: ಒಂದು ಬಾವುಟವನ್ನು ಲೆಕ್ಕಿಸದಿರಬಹುದು, ಮತ್ತು ಪಕ್ಕದ ಮನೆಯಿಂದ ಬಂದ ದಾಳಿಯ ಬಳಿಕ ಜಾಗ ಬಿಡದೆ ಉಳಿದುಕೊಂಡರೆ ತಿರುಗೇಟು ಹಾಕಬಹುದು. 

ಮೊದಲ ಹಕ್ಕಿನ ಬೆಲೆ ಎಷ್ಟು? ಈ ಆಟದ ದಾಳಕ್ಕೆ ಆರು ಮುಖ: ಹಸಿರು, ನೀಲಿ, ಕೆಂಪು ಶಿರಸ್ತ್ರಾಣಗಳು, ಒಂದು ಕತ್ತಿ–ಗುರಾಣಿ, ಒಂದು ಬಾವುಟ, ಒಂದು ಲೋರ್ (ಮಾಯಾಶಕ್ತಿಯ ಗುರುತು). ಮೂರು ದಾಳ ಬಿದ್ದಾಗ ಕನಿಷ್ಠ ಒಂದು ಬಾವುಟ ಬರುವ ಸಾಧ್ಯತೆ 216ರಲ್ಲಿ 91, ಅಂದರೆ ಸುಮಾರು 42 ಶೇಕಡಾ. ಬೆಂಬಲವಿಲ್ಲದ ತುಕಡಿ ಹೆಚ್ಚುಕಡಿಮೆ ಐದರಲ್ಲಿ ಎರಡು ಸಲ ಜಾಗ ಬಿಡುತ್ತದೆ ಎಂದಾಯಿತು. ಬೋಲ್ಡ್ ಆಗಿದ್ದರೆ ಎರಡು ಬಾವುಟ ಬೀಳಬೇಕು. ಅದು 216ರಲ್ಲಿ 16, ಸುಮಾರು 7 ಶೇಕಡಾ. ನಾಲ್ಕು ದಾಳಕ್ಕೆ ಇದೇ ಲೆಕ್ಕ 52ರಿಂದ 13ಕ್ಕೆ ಇಳಿಯುತ್ತದೆ. ನಿಮಗೆ ಬಿದ್ದದ್ದು ಆ ಹದಿಮೂರರ ಪಾಲು. ಇದನ್ನು ದುರದೃಷ್ಟ ಎನ್ನಿ, ಒಪ್ಪುತ್ತೇನೆ. ಆದರೆ ದುರದೃಷ್ಟಕ್ಕೆ ತೆರಬೇಕಾದ ದಂಡ ಎಷ್ಟು ಎಂಬುದು ಆಕಾರದ ಕೈಯಲ್ಲಿತ್ತು.

ತಿರುಗೇಟಿನ ಬೆಲೆ ಇನ್ನೂ ಹೆಚ್ಚು, ಹೊಸಬರು ಗಮನಿಸದೇ ಇರುವುದೂ ಇದನ್ನೇ. ಕತ್ತಿಯ ಕಾಳಗದಲ್ಲಿ ಎದುರಾಳಿಯ ಬಣ್ಣದ ಶಿರಸ್ತ್ರಾಣ ಬಿದ್ದರೆ ಏಟು, ಕತ್ತಿ–ಗುರಾಣಿ ಬಿದ್ದರೂ ಏಟು, ಅಂದರೆ ಪ್ರತಿ ದಾಳಕ್ಕೆ ಮೂರರಲ್ಲಿ ಒಂದು. ನೀಲಿ ಕಾಲಾಳು ಮೂರು ದಾಳ ಹಾಕಿದರೆ ಸರಾಸರಿ ಒಂದು ಗೊಂಬೆ ಬೀಳುತ್ತದೆ. ಬೆಂಬಲವಿಲ್ಲದವನ ಮೇಲೆ ಬಿದ್ದರೆ ಆ ಒಂದು ಗೊಂಬೆ ಶುದ್ಧ ಲಾಭ. ಬೋಲ್ಡ್ ಆದವನ ಮೇಲೆ ಬಿದ್ದರೆ ಅವನೂ ತನ್ನ ಮೂರು ದಾಳ ಎತ್ತುತ್ತಾನೆ. ಗೊಂಬೆ ಕಡಿಮೆಯಾದರೂ ದಾಳ ಕಡಿಮೆಯಾಗುವುದಿಲ್ಲ ಎಂಬುದನ್ನು ನೆನಪಿಡಿ. ಒಂಟಿ ಗೊಂಬೆ ಉಳಿದ ತುಕಡಿಯೂ ಪೂರ್ತಿ ದಾಳದಿಂದಲೇ ಹೊಡೆಯುತ್ತದೆ. ಹೀಗೆ ಬೋಲ್ಡ್ ಸಾಲಿನ ಮೇಲೆ ದಾಳಿ ಮಾಡುವುದು ಪುಕ್ಕಟೆ ಏಟಿನ ಬದಲು ಕೊಡು–ಕೊಳ್ಳುವ ವ್ಯಾಪಾರವಾಗುತ್ತದೆ. ನಿಮ್ಮ ಮಗನ ‘ನುಗ್ಗು’ ಸಿದ್ಧಾಂತ ಗೆಲ್ಲುತ್ತಿರುವುದು ನೀವು ಆ ತಿರುಗೇಟು ಹಾಕುವ ಸ್ಥಿತಿಯಲ್ಲಿ ಉಳಿಯದಿರುವುದರಿಂದ.

ಈ ಆಟ ರೂಪಿಸಿದ ರಿಚರ್ಡ್ ಬೋರ್ಗ್ ಅವರ ಇತರ ಆಟಗಳ ವಿಡಿಯೊ ನೋಡಿ ಕಲಿಯುತ್ತಿದ್ದರೆ ಎಚ್ಚರ. ಅವರ ‘ಮೆಮೊಯಿರ್ ’44’ರಲ್ಲಿ (2004) ತಿರುಗೇಟೇ ಇಲ್ಲ. 2006ರಲ್ಲಿ, ಬ್ಯಾಟಲ್‌ಲೋರ್ ಬಂದ ವರ್ಷವೇ, ಬಂದ ‘ಕಮಾಂಡ್ಸ್ ಅಂಡ್ ಕಲರ್ಸ್: ಏನ್ಶಿಯಂಟ್ಸ್’ನಲ್ಲಿ ಬೆಂಬಲ ಇರಲಿ ಬಿಡಲಿ ಉಳಿದವರು ತಿರುಗಿ ಹೊಡೆಯುತ್ತಾರೆ. ನಿಮ್ಮ ಆಟದಲ್ಲಿ ಮಾತ್ರ ಬೆಂಬಲವೇ ತಿರುಗೇಟಿನ ಕೀಲಿ. 2013ರ ಎರಡನೆಯ ಆವೃತ್ತಿ, ಡಾಕನ್ ಮತ್ತು ಉಥುಕ್ ಪಡೆಗಳಿರುವುದು, ಬೇರೆಯದೇ ಲೋಕ. ಅದರ ಸಲಹೆಗಳನ್ನು ಇಲ್ಲಿಗೆ ತರಬೇಡಿ.

ಇನ್ನು ನಿಮ್ಮ ಏಳರ ಗುಂಪು. ನೋಡಲು ಹೂವಿನ ಹಾಗೆ ಚೆಂದ, ಆಡಲು ಕೆಟ್ಟದ್ದು. ಮುಂದಿನ ಸಾಲಿನ ಇಬ್ಬರಿಗೂ ಹಿಂದಿನ ಎರಡೆರಡು ಮನೆ ಬಂದ್. ನಟ್ಟನಡುವಿನವನಿಗೂ ಬಂದ್. ಅವನನ್ನು ಯಾರೂ ಮುಟ್ಟಲಾರರು, ಅವನೂ ಯಾರನ್ನೂ ಮುಟ್ಟಲಾರ. ಅವನ ಸುತ್ತ ಆರು ಮಿತ್ರರಿದ್ದಾರೆ, ಬೋಲ್ಡ್ ಆಗಲು ಎರಡೇ ಸಾಕು, ಮೂರನೆಯವನಿಂದ ಆರನೆಯವನವರೆಗೆ ಕಿಂಚಿತ್ತೂ ಹೆಚ್ಚು ಬಲ ಬರುವುದಿಲ್ಲ. ‘ಒಗ್ಗಟ್ಟಿನಲ್ಲಿ ಬಲವಿದೆ’ ಎಂದು ಶಾಲೆಯ ಗೋಡೆಯಲ್ಲಿ ಬರೆದದ್ದನ್ನು ಈ ಆಟ ಎರಡರವರೆಗೆ ಮಾತ್ರ ಒಪ್ಪುತ್ತದೆ. ಮೂರನೆಯ ನೆರೆಯವ ಇದ್ದರೆ ಒಬ್ಬ ಹೋದಾಗ ಧೈರ್ಯ ಉಳಿಯುತ್ತದೆ, ಅದು ಒಂಥರಾ ವಿಮೆ. ನಾಲ್ಕನೆಯವ ಬರಿ ದಂಡ.

ಅಂದಹಾಗೆ, ಈ ಆಟದ ಸನ್ನಿವೇಶಗಳ ಪುಸ್ತಕ ಶುರುವಾಗುವುದೇ 1415ರ ಅಜಿಂಕೋರ್ಟ್ ಕದನದಿಂದ. ಕೆಸರಿನಲ್ಲಿ ಕಾಲೆಳೆಯುತ್ತ ಬಂದ ಫ್ರೆಂಚ್ ಯೋಧರು ಎಷ್ಟು ಒತ್ತೊತ್ತಾಗಿದ್ದರೆಂದರೆ ಮುಂದಿನವರಿಗೆ ಕೈ ಬೀಸಲೂ ಜಾಗವಿರಲಿಲ್ಲ, ಹಿಂದಿನವರು ತಳ್ಳುತ್ತಲೇ ಇದ್ದರು. ಇಂಗ್ಲೆಂಡಿನ ಬಿಲ್ಲುಗಾರರ ಹೊಗಳಿಕೆಯಲ್ಲಿ ಈ ಇಕ್ಕಟ್ಟಿನ ಪಾಲು ಮರೆತುಹೋಗುತ್ತದೆ. ನಿಮ್ಮ ಹೂವು ಅದರದೇ ಪುಟ್ಟ ಪ್ರತಿ.

ಹಾಗಾದರೆ ಹೇಗೆ ನಿಲ್ಲಿಸಬೇಕು? ಮೂರು ತುಕಡಿಗಳಿಂದ ಶುರುಮಾಡಿ. ಒಂದೇ ಗೆರೆಯಲ್ಲಿ ಮೂವರನ್ನು ಇಟ್ಟರೆ ನಡುವಿನವ ಮಾತ್ರ ಬೋಲ್ಡ್, ತುದಿಯ ಇಬ್ಬರಿಗೂ ಒಬ್ಬೊಬ್ಬನೇ ನೆರೆ. ಅದೇ ಮೂವರನ್ನು ತ್ರಿಕೋನವಾಗಿ ಇಟ್ಟರೆ ಮೂವರೂ ಬೋಲ್ಡ್. ತ್ರಿಕೋನದಲ್ಲೂ ಎರಡು ಬಗೆ. ಒಬ್ಬ ಮುಂದೆ, ಇಬ್ಬರು ಹಿಂದೆ ನಿಂತರೆ ಮುಂದಿನವನ ಎರಡೂ ದಾರಿ ಮುಚ್ಚಿದಂತೆ, ಅದೇ ನಿಮ್ಮ ಭಾನುವಾರದ ಕಥೆ. ಇಬ್ಬರು ಮುಂದೆ, ಒಬ್ಬ ಅವರ ನಡುವಿನ ಸಂದಿಗೆ ಹಿಂದೆ ನಿಂತರೆ ಮುಂದಿನ ಇಬ್ಬರಿಗೂ ಒಂದೊಂದು ದಾರಿ ತೆರೆದೇ ಇರುತ್ತದೆ. ನೀವು ಇಟ್ಟುಕೊಳ್ಳಬೇಕಾದದ್ದು ಈ ಎರಡನೆಯದು.

ಆರು ತುಕಡಿಗೆ ನಾನು ಹೆಚ್ಚಾಗಿ ಬಳಸುವ ನಿಲುವನ್ನು ಹೇಳುತ್ತೇನೆ, ಮೇಜಿನ ಮೇಲೆ ಇಟ್ಟು ನೋಡಿ. ಮುಂದಿನ ಸಾಲಿನಲ್ಲಿ ನಾಲ್ವರು ಅಕ್ಕಪಕ್ಕ. ಎಡಗಡೆಯ ಇಬ್ಬರ ಸಂದಿಗೆ ಹಿಂದೆ ಒಬ್ಬ, ಬಲಗಡೆಯ ಇಬ್ಬರ ಸಂದಿಗೆ ಹಿಂದೆ ಒಬ್ಬ. ನಡುವಿನ ಇಬ್ಬರ ಸಂದಿಯ ಹಿಂದಿನ ಮನೆ ಮಾತ್ರ ಖಾಲಿ. ಈಗ ಎಣಿಸಿ: ಆರೂ ಜನ ಬೋಲ್ಡ್. ಮುಂದಿನ ನಾಲ್ವರಿಗೂ ಹಿಂದೆ ಸರಿಯಲು ಒಂದು ಮನೆ ಇದೆ. ಇನ್ನೂ ಒಂದು ಲಾಭ ಆಡಿದ ಮೇಲೆ ಕಾಣುತ್ತದೆ. ನಡುವಿನವನೊಬ್ಬ ಎರಡು ಬಾವುಟ ತಿಂದು ಆ ಖಾಲಿ ಮನೆಗೆ ಬಂದು ಬಿದ್ದರೆ, ಅಲ್ಲಿ ಅವನ ಎಡಬಲಕ್ಕೆ ಹಿಂದಿನ ಸಾಲಿನ ಇಬ್ಬರು ಇರುತ್ತಾರೆ. ಓಡಿದ ಜಾಗದಲ್ಲೂ ಅವನು ಬೋಲ್ಡ್! ದೋಷವೂ ಇದೆ: ನಡುವಿನ ಇಬ್ಬರಿಗೆ ಇರುವುದು ಅದೊಂದೇ ಬಾಗಿಲು, ಇಬ್ಬರೂ ಒಂದೇ ಸರದಿಯಲ್ಲಿ ಓಡಬೇಕಾಗಿ ಬಂದರೆ ಎರಡನೆಯವನಿಗೆ ಗೊಂಬೆ ಹೋಗುತ್ತದೆ. ಮತ್ತೆ, ನಡುವಿನವ ಒಬ್ಬ ಜಾಗ ಬಿಟ್ಟ ಕೂಡಲೇ ಅವನ ಪಕ್ಕದ ತುದಿಯವನಿಗೆ ಒಬ್ಬನೇ ನೆರೆ ಉಳಿಯುತ್ತಾನೆ, ಧೈರ್ಯ ಇಳಿಯುತ್ತದೆ.

ನಿಮ್ಮ ಏಳನೆಯ ತುಕಡಿ? ಅದನ್ನು ಗುಂಪಿಗೆ ಸೇರಿಸಲೇಬೇಡಿ. ಕುದುರೆಯಾದರೆ ಎರಡು ಮನೆ ಹಿಂದೆ, ಬದಿಗೆ ಇರಲಿ. ಎಲ್ಲಿ ಕೊಂಡಿ ಕಳಚುತ್ತದೋ ಅಲ್ಲಿ ಒಂದೇ ಆಜ್ಞೆಯಲ್ಲಿ ಬಂದು ಕೂರುವುದು ಅದರ ಕೆಲಸ. ಬೆಂಬಲ ಕೊಡಲು ಕಾಲಾಳೇ ಆಗಬೇಕು, ಒಂದೇ ಬಣ್ಣವೇ ಆಗಬೇಕು ಎಂಬ ತಪ್ಪು ನಂಬಿಕೆ ಹಲವರಲ್ಲಿದೆ. ಹಾಗೇನೂ ಇಲ್ಲ. ಒಂದು ಗೊಂಬೆ ಉಳಿದ ತುಕಡಿ ಕೊಡುವ ಬೆಂಬಲವೂ ನಾಲ್ಕು ಗೊಂಬೆಯ ತುಕಡಿ ಕೊಡುವ ಬೆಂಬಲವೂ ಒಂದೇ ತೂಕ. ಆದ್ದರಿಂದ ಏಟು ತಿಂದು ಸೊರಗಿದವರನ್ನು ಮೂಲೆಗೆ ಓಡಿಸಿ ಬಚ್ಚಿಡುವ ಬದಲು ಹಿಂದಿನ ಸಾಲಿನ ಆ ಸಂದಿಗೆ ಕಳಿಸಿ. ಎದುರಾಳಿಗೆ ಪತಾಕೆ (ತುಕಡಿ ಪೂರ್ತಿ ಅಳಿದಾಗ ಸಿಗುವ ಗೆಲುವಿನ ಅಂಕ) ಸಿಗದಂತೆ ಕಾದಿಟ್ಟಂತೆಯೂ ಆಯಿತು, ಮುಂದಿನ ಇಬ್ಬರಿಗೆ ಆಸರೆಯೂ ಆಯಿತು.

ಬಿಲ್ಲುಗಾರರನ್ನು ಆ ಸಂದಿಯಲ್ಲಿ ಇಡಬೇಕೆನಿಸುವುದು ಸಹಜ. ಇಡಬಹುದು, ಆದರೆ ಮುಂದೆ ಅಡ್ಡ ನಿಂತ ನಿಮ್ಮವರೇ ಅವರ ದೃಷ್ಟಿಯನ್ನು ಮುಚ್ಚುತ್ತಾರೆ, ಬಾಣ ಬಿಡಲಾಗದೆ ಕೂರುತ್ತಾರೆ. ನಾನು ಅವರನ್ನು ಸಾಲಿನ ತುದಿಗೆ ಇಡುವವನು.

ಬೆಂಬಲ ಮುರಿಯುವುದು ಹೇಗೆ ಎಂದು ತಿಳಿದರೆ ಉಳಿಸಿಕೊಳ್ಳುವುದೂ ತಿಳಿಯುತ್ತದೆ. ಈ ಆಟದಲ್ಲಿ ಸರದಿಯ ಚಲನೆ ಎಲ್ಲ ಮುಗಿದ ಮೇಲೆ ದಾಳಿಗಳು ಒಂದೊಂದಾಗಿ ನಡೆಯುತ್ತವೆ, ಯಾವುದು ಮೊದಲು ಎಂಬುದು ದಾಳಿ ಮಾಡುವವನ ಆಯ್ಕೆ. ಬೋಲ್ಡ್ ಹೌದೋ ಅಲ್ಲವೋ ಎಂಬುದನ್ನು ಆಯಾ ದಾಳಿಯ ಕ್ಷಣದಲ್ಲಿ ನೋಡಬೇಕು. ಹಾಗಾಗಿ ಪಳಗಿದ ಆಟಗಾರ ನಿಮ್ಮ ಬಲಶಾಲಿ ಕೆಂಪು ತುಕಡಿಯನ್ನು ಮೊದಲು ಮುಟ್ಟುವುದೇ ಇಲ್ಲ. ಅದಕ್ಕೆ ಆಸರೆಯಾಗಿ ತುದಿಯಲ್ಲಿ ನಿಂತ ಹಸಿರಿನವನ ಮೇಲೆ ಬಾಣ ಬಿಡುತ್ತಾನೆ. ಅವನಿಗೆ ಬೆಂಬಲ ಇಲ್ಲದಿದ್ದರೆ ಎರಡು ದಾಳಕ್ಕೆ ಬಾವುಟ ಬರುವ ಸಾಧ್ಯತೆ 36ರಲ್ಲಿ 11. ದೂರದ ಬಾಣಕ್ಕೆ ತಿರುಗೇಟಿನ ಭಯವೂ ಇಲ್ಲ. ತುದಿಯವ ಓಡಿದರೆ ಕೆಂಪಿನವನ ಧೈರ್ಯ ಹೋಯಿತು, ಆಮೇಲೆ ಕತ್ತಿ. ನಿಮ್ಮ ಮಗನೂ ಹೀಗೇ ಮಾಡುತ್ತಿರಬಹುದು, ಹೆಸರಿಟ್ಟಿಲ್ಲ ಅಷ್ಟೆ. ಅವನ ಮೇಲೆ ನೀವೂ ಇದನ್ನೇ ಮಾಡಿ. ಬಿಲ್ಲಿನಿಂದ ಗೊಂಬೆ ಬೀಳಲಿಲ್ಲ ಎಂದು ಬೇಸರ ಪಡುವವರಿಗೆ ನಾನು ಹೇಳುವುದು, ಬಿಲ್ಲಿನ ನಿಜವಾದ ಬೆಳೆ ಬಾವುಟ ಎಂದು.

ಗೆದ್ದಾಗಲೂ ಕೊಂಡಿ ಕಳಚುತ್ತದೆ, ಇದು ಹೆಚ್ಚು ಅಪಾಯ. ಎದುರಾಳಿ ಮನೆ ಖಾಲಿ ಮಾಡಿದರೆ ಕಾಲಾಳು ಆ ಮನೆಗೆ ಮುನ್ನುಗ್ಗಬಹುದು, ಕುದುರೆ ಬೆನ್ನಟ್ಟಿ ಇನ್ನೊಂದು ದಾಳಿಯನ್ನೂ ಮಾಡಬಹುದು. ‘ಬಹುದು’ ಅಷ್ಟೇ, ಬಲವಂತವಿಲ್ಲ. ನನ್ನ ಮೊದಲ ವರ್ಷದಲ್ಲಿ ಓಡುತ್ತಿದ್ದ ಎದುರಾಳಿಯ ಕುಬ್ಜ ಪಿಶಾಚಿಗಳಾದ ಗಾಬ್ಲಿನ್‌ಗಳನ್ನು ಕಂಡು ಆಸೆ ತಡೆಯಲಾರದೆ ಸಾಲಿನ ನಡುವಿನವನನ್ನು ಒಂದು ಮನೆ ಮುಂದೆ ಇಟ್ಟೆ. ಮುಂದಿನ ಸರದಿಯಲ್ಲಿ ಅವನಿಗೂ ಬೆಂಬಲವಿಲ್ಲ, ಅವನು ಬಿಟ್ಟುಬಂದ ಇಬ್ಬರು ನೆರೆಯವರಿಗೂ ಬೆಂಬಲವಿಲ್ಲ. ಒಂದು ಗೆಲುವಿಗೆ ಮೂರು ತುಕಡಿ ತೆತ್ತೆ. ಅಂದಿನಿಂದ ಮುನ್ನುಗ್ಗುವ ಮೊದಲು ಬೆರಳಿಟ್ಟು ನೆರೆ ಎಣಿಸುವ ಅಭ್ಯಾಸ. ಎದುರು ಕೂತವರು ನಗುತ್ತಾರೆ, ನಗಲಿ.

ಇಲ್ಲಿ ನಿಮ್ಮ ಮಗನ ಮಾತಿಗೂ ನ್ಯಾಯ ಸಲ್ಲಿಸಬೇಕು. ಬೆಂಬಲಕ್ಕೆ ಕಾಯುತ್ತ ಕೂತರೆ ಆಟ ಗೆಲ್ಲುವುದಿಲ್ಲ, ಅದು ನಿಜ. ಆಜ್ಞೆಯ ಕಾರ್ಡು ಹೆಚ್ಚಿನ ಸಲ ಎಡ, ನಡು, ಬಲ ಇವುಗಳಲ್ಲಿ ಒಂದು ಭಾಗದ ಕೆಲವೇ ತುಕಡಿಗಳಿಗೆ ಚಲಿಸಲು ಬಿಡುತ್ತದೆ. ಆರು ಜನರ ಗೋಡೆಯನ್ನು ಹಾಗೇ ಮುಂದಕ್ಕೆ ಒಯ್ಯುವುದು ಆಗದ ಮಾತು. ಇಬ್ಬರು ಹೆಜ್ಜೆ ಇಟ್ಟ ಕೂಡಲೇ ಗೋಡೆ ಬಿರುಕು. ನನ್ನ ಮಟ್ಟಿಗೆ ಗೋಡೆ ಎಂಬುದು ಬರುವವನನ್ನು ಎದುರಿಸಲು, ಹೋಗಲು ತ್ರಿಕೋನವೇ ಸರಿ. ಮೂರು ತುಕಡಿಗೆ ಆಜ್ಞೆ ಕೊಡುವ ಕಾರ್ಡು ಕೈಯಲ್ಲಿ ಇಲ್ಲದಿದ್ದರೆ ಆ ಸರದಿ ತ್ರಿಕೋನ ಕದಲಿಸಬೇಡಿ, ಬಿಲ್ಲುಗಾರರನ್ನು ಆಡಿಸಿ ಕಾರ್ಡಿಗಾಗಿ ಕಾಯಿರಿ. ಹೊರಟಾಗ ಹೊಡೆಯುವವನೂ ಬೋಲ್ಡ್ ಆಗಿರುವಂತೆ ನೋಡಿಕೊಳ್ಳಿ, ತಿರುಗೇಟಿನಲ್ಲಿ ಬರುವ ಬಾವುಟ ಅವನನ್ನೂ ಓಡಿಸುತ್ತದೆ. ಭಾಗಗಳನ್ನು ಬೇರ್ಪಡಿಸುವ ಚುಕ್ಕೆಗೆರೆ ಹಾದುಹೋಗುವ ಮನೆಗಳು ಎರಡೂ ಭಾಗಕ್ಕೆ ಸೇರಿದವು. ನಿಮ್ಮ ತ್ರಿಕೋನದ ಒಂದಾದರೂ ಕಾಲು ಅಂಥ ಮನೆಯಲ್ಲಿ ಇದ್ದರೆ ಆ ಎರಡು ಭಾಗಗಳಲ್ಲಿ ಯಾವುದರ ಕಾರ್ಡು ಬಂದರೂ ಆ ಕಾಲನ್ನು ಕದಲಿಸಬಹುದು. ಏಳೂ ಜನರನ್ನು ನಡುವಿನ ಭಾಗದಲ್ಲೇ ಒತ್ತಿದಾಗ ನಿಮ್ಮ ಕೈಯಲ್ಲಿ ಎಡ–ಬಲದ ಕಾರ್ಡುಗಳು ಕೊಳೆಯುತ್ತಿದ್ದವು ಅಲ್ಲವೇ?

ಕೆಲವೊಮ್ಮೆ ಬೆಂಬಲವನ್ನು ಬೇಕೆಂದೇ ಬಿಡುವುದೂ ಸರಿ. ಕುದುರೆ ಬದಿಯಿಂದ ಸುತ್ತಿ ಒಂಟಿ ಗೊಂಬೆಯ ತುಕಡಿಯನ್ನು ಹೊಡೆದು ಪತಾಕೆ ತರುವಂತಿದ್ದರೆ ಹೋಗಲಿ. ಮೂರು ದಾಳಕ್ಕೆ ಆ ಒಂದು ಗೊಂಬೆ ಬೀಳುವ ಸಾಧ್ಯತೆ 70 ಶೇಕಡಾ. ಗೆಲುವಿಗೆ ಒಂದೇ ಪತಾಕೆ ಬಾಕಿ ಇರುವಾಗ ನೆರೆ ಎಣಿಸುತ್ತ ಕೂರುವವನನ್ನು ನಾನೂ ‘ನುಗ್ಗಪ್ಪ’ ಎಂದೇ ಎನ್ನುತ್ತೇನೆ. ಮೊದಲ ಸರದಿಯಲ್ಲಿ ಹಾಗೆ ಕಳಿಸಿದ ಕುದುರೆ ಮಾತ್ರ ಹಿಂದಿರುಗುವುದು ಕಡಿಮೆ.

ಕುಳ್ಳರ (ಡ್ವಾರ್ಫ್) ತುಕಡಿ ನಿಮ್ಮ ಪಡೆಯಲ್ಲಿದ್ದರೆ ಲೆಕ್ಕ ಬೇರೆ. ಅವರು ನೆರೆ ಇಲ್ಲದೆಯೂ ಹುಟ್ಟಾ ಬೋಲ್ಡ್, ಅವರನ್ನು ಸಾಲಿನ ನಡುವೆ ಇಡುವುದು ವ್ಯರ್ಥ. ಯಾರಿಗೂ ಎರಡನೆಯ ನೆರೆ ಸಿಗದ ಆ ತುದಿಯ ಮನೆ ಇದೆಯಲ್ಲ, ಅದು ಅವರಿಗೆ ಮೀಸಲು. ತಾವೂ ನಿಲ್ಲುತ್ತಾರೆ, ಪಕ್ಕದವನಿಗೂ ನೆರೆಯಾಗುತ್ತಾರೆ. ಗಾಬ್ಲಿನ್‌ಗಳು ಇದಕ್ಕೆ ಪೂರಾ ಉಲ್ಟಾ. ಪುಕ್ಕಲರು, ಒಂದು ಬಾವುಟಕ್ಕೇ ಬೇರೆಯವರಿಗಿಂತ ದೂರ ಓಡುತ್ತಾರೆ. ಅವರ ಹಿಂದೆ ಯಾರನ್ನೂ ನಿಲ್ಲಿಸಬೇಡಿ, ಓಟಕ್ಕೆ ಅಂಗಳ ಬಿಡಿ.

ಮುಂದಿನ ಭಾನುವಾರಕ್ಕೆ ಒಂದು ಕೆಲಸ. ಅದೇ ಸನ್ನಿವೇಶ, ಅದೇ ಏಳು ತುಕಡಿ. ಆರನ್ನು ನಾಲ್ಕು–ಎರಡರ ನಿಲುವಿನಲ್ಲಿ ಇಡಿ, ಕುದುರೆಯನ್ನು ಬಿಡುಗಡೆ ಮಾಡಿ. ಮೊದಲ ಮೂರು ಸರದಿ ನೀವಾಗಿ ಕತ್ತಿ ಎತ್ತಬೇಡಿ, ಮಗ ಬರಲಿ. ಅವನು ಹೊಡೆದಾಗಲೆಲ್ಲ, ತಿರುಗೇಟಿನ ದಾಳ ನಿಮ್ಮ ಕೈಗೆ ಬಂತೇ ಇಲ್ಲವೇ ಎಂದು ಒಂದು ಚೀಟಿಯಲ್ಲಿ ಗೀಟು ಹಾಕಿಕೊಳ್ಳಿ. ಹಳೆಯ ಗುಂಪಿನಲ್ಲಿ ಎಷ್ಟು ಸಲ ಬಂದಿತ್ತು ಎಂದು ನೆನಪು ಮಾಡಿಕೊಂಡು ಪಕ್ಕದಲ್ಲಿ ಬರೆಯಿರಿ. ಆ ಚೀಟಿಯನ್ನು ಆಟ ಮುಗಿಯುವವರೆಗೆ ಮಗನಿಗೆ ತೋರಿಸಬೇಡಿ.